ಯಂತ್ರದ ಕಣ್ಣಿಗೆ ಮಣ್ಣು

ಹುನಗುಂದ
ತಾ. 10-1-1983

ಚಿ. ಮಾಳಪ್ಪನಿಗೆ ಆಶೀರ್ವಾದಗಳು.

ವಿಷಯ: ಪೊಲೀಸರ ರಾಡಾರ ಯಂತ್ರವನ್ನು ಕೆಡಿಸುವ ಪೆಟ್ಟಿಗೆಯನ್ನು ಮೋಟಾರಿನಲ್ಲಿ ಕೂರಿಸುವುದು ಕಾನೂನಿಗೆ ಸಮ್ಮತವೇ ಎಂಬ ಬಗ್ಗೆ.

ಸಂಗತಿಗಳ ವಿವರ:

1. ಅಭಿಪ್ರಾಯ ಕೇಳಿದವನು: ಮಾಳಪ್ಪ, ವಾಸ ವಿದ್ಯಾಗಿರಿ, ಬಾಗಲಕೋಟೆ, ಉದ್ಯೋಗ ಬಾಡಿಗೆ ಕಾರು ಓಡಿಸುವುದು. ನನ್ನ ತಂಗಿಯ ಮಗ. ನನ್ನ ಮಗಳು ರೇಣವ್ವನ ಗಂಡ.

2. ಅಭಿಪ್ರಾಯ ಕೊಡುವವನು: ಮುತ್ತಪ್ಪ ಲಕ್ಕಪ್ಪ ಪೂಜಾರಿ, ಕೋರ್ಟಿನ ನಿವೃತ್ತ ನಕಲು ಕಾರಕೂನ, ಸದ್ಯ ಕಚೇರಿಯ ಬೇವಿನ ಮರದ ಕೆಳಗೆ, ಸ್ಟ್ಯಾಂಪು ಮಾರುವ ರಾಜಮಹ್ಮದನ ಪಕ್ಕದಲ್ಲಿ ಕುಳಿತು ಅರ್ಜಿ ಬರೆಯುವವನು.

3. ವಾಹನ: ಬಿಳಿ ಬಣ್ಣದ ಅಂಬಾಸಿಡರ್.

4. ವಸ್ತು: ಇಲಕಲ್ಲಿನ ಸೀರೆ ವ್ಯಾಪಾರಿಯೊಬ್ಬರು, ತಮ್ಮನ್ನು ಹೊತ್ತಿಗೆ ಸರಿಯಾಗಿ ರೈಲಿಗೆ ಮುಟ್ಟಿಸಲೆಂದು ಮುಂಬಯಿಯಿಂದ ತರಿಸಿ ನಿನಗೆ ಕೊಟ್ಟ ಪೆಟ್ಟಿಗೆ. ಮೋಟಾರಿನ ಮುಂದಿನ ಜಾಳಿಗೆಯ ಹಿಂದೆ ಕೂರುತ್ತದೆ. ಎರಡು ವೈರು, ಒಂದು ಕೆಂಪು ದೀಪ.

5. ಎದುರು ಯಂತ್ರ: ಹುನಗುಂದ ಮತ್ತು ಇಲಕಲ್ಲಿನ ನಡುವೆ ಹೆದ್ದಾರಿಯಲ್ಲಿ ಪೊಲೀಸರು ಪರೀಕ್ಷಾರ್ಥವಾಗಿ ನಿಲ್ಲಿಸಿರುವ ರಾಡಾರ. ಮೂರು ಕಾಲಿನ ಮೇಲೆ ಕೂತ ಕಂದೀಲಿನಂತಿದ್ದು, ಬರುವ ವಾಹನದ ವೇಗವನ್ನು ಅಂಕಿಗಳಲ್ಲಿ ತೋರಿಸುತ್ತದೆ.

ಮೇಲ್ಕಾಣಿಸಿದ ಸಂಗತಿಗಳನ್ನು ಪರಿಶೀಲಿಸಿ ತಿಳಿಸುವುದೇನೆಂದರೆ, ಮೋಟಾರು ವಾಹನಗಳ 1939ರ ಕಾಯಿದೆಯಲ್ಲಿ ವೇಗಕ್ಕೆ ಮಿತಿಯುಂಟು. ವೇಗ ಅಳೆಯುವ ಯಂತ್ರದ ಕಣ್ಣಿಗೆ ಮಣ್ಣೆರಚಬಾರದೆಂಬ ಮಾತು ಎಲ್ಲಿಯೂ ಇಲ್ಲ. ಕಾಯಿದೆ ಬೇಡವೆನ್ನದ್ದನ್ನು ಬೇಡವೆನ್ನಲು ಕಾನ್‌ಸ್ಟೇಬಲನು ಯಾರು? ಆದರೆ ತಂತಿಯಿಲ್ಲದ ತಾರಿನ 1933ರ ಕಾಯಿದೆ, ಕಲಂ ಮೂರರ ಪ್ರಕಾರ, ಗಾಳಿಯ ಮೂಲಕ ಕೆಲಸ ಮಾಡುವ ಉಪಕರಣವನ್ನು ಪರವಾನಿಗೆಯಿಲ್ಲದೆ ಇಟ್ಟುಕೊಳ್ಳುವುದು ಅಪರಾಧ. ಆದಕಾರಣ, ಜನರು ರೇಡಿಯೋಕ್ಕೆ ಮಾಡಿಸುವಂತೆ ಈ ಪೆಟ್ಟಿಗೆಗೂ ಅಂಚೆ ಕಚೇರಿಯಲ್ಲಿ ಪರವಾನಿಗೆ ಪುಸ್ತಕ ಮಾಡಿಸತಕ್ಕದ್ದು. ಆ ಬಳಿಕ ನಿನ್ನನ್ನು ಕೇಳುವವರಿಲ್ಲ.

ನ್ಯಾಯಾಧೀಶರ ತೀರ್ಪುಗಳನ್ನು ನಕಲು ಮಾಡುವಾಗ ಅವರ ತಪ್ಪುಗಳನ್ನು ಸದ್ದಿಲ್ಲದೆ ತಿದ್ದಿದ ಕೈಯಿಂದ ಇದನ್ನು ಬರೆದಿದ್ದೇನೆ. ಧೈರ್ಯವಾಗಿರು.

ಇಂತಿ,
ಮುತ್ತಪ್ಪ ಲಕ್ಕಪ್ಪ ಪೂಜಾರಿ

*

ಬಾಗಲಕೋಟೆ
ತಾ. 24-1-1983

ಪೂಜ್ಯ ಮಾವನವರಿಗೆ ಮಾಳಪ್ಪನ ನಮಸ್ಕಾರಗಳು.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅರ್ಥವಾದಷ್ಟನ್ನು ಮಾಡಿದ್ದೇನೆ. ಪರವಾನಿಗೆ ಪುಸ್ತಕ ಸಿಕ್ಕಿತು. ಅಂಚೆಯವರು ಪೆಟ್ಟಿಗೆಯನ್ನು ಹೊರಳಾಡಿಸಿ ನೋಡಿ, "ಇದು ಯಾವ ಸ್ಟೇಶನ್ ಹಿಡಿತೈತೋ ತಮ್ಮಾ?" ಎಂದು ಕೇಳಿದರು. ನಾನು ಧಾರವಾಡ ಎಂದೆ. "ಮುಳ್ಳ ಕಾಣವಲ್ದಲ್ಲೋ" ಎಂದರು. "ಮುಂಬೈ ಮಾಲ್ರಿ, ಮುಳ್ಳ ಒಳಗ ಇರತೈತಿ" ಎಂದೆ. ಠಸ್ಸೆ ಹೊಡೆದು ಕೊಟ್ಟರು.

ಪೆಟ್ಟಿಗೆ ಕೂರಿಸಿದವನು ನಮ್ಮ ಮೇಸ್ತ್ರಿ ಗೌಸಸಾಬ. ಅವನು ಮಾತ್ರ ನಕ್ಕ. "ರೇಡಿಯೋ ಕೇಳತೈತಿ, ಇದು ಕೇಳೂದಿಲ್ಲಪಾ, ಒದರತೈತಿ. ಒದರೂದಕ್ಕ ಯಾವ ಪೋಸ್ಟ್ ಆಫೀಸೂ ಲೈಸನ್ ಕೊಡೂದಿಲ್ಲ" ಎಂದ. ನಮ್ಮ ಮಾವನವರು ಕಾಯಿದೆ ನೋಡಿ ಹೇಳಿದ್ದಾರೆ, ನೀನು ಪಾನಾ ಹಿಡಿ ಎಂದು ಬಾಯಿ ಮುಚ್ಚಿಸಿದೆ.

ಮೊನ್ನೆ ಹುನಗುಂದ ದಾಟಿ ಯಂತ್ರದ ಮುಂದೆಯೇ ತೊಂಬತ್ತರ ಮೇಲೆ ಬಿಟ್ಟೆ. ಅಂಕಿಗಳು ಹುಚ್ಚು ಹಿಡಿದಂತೆ ಕುಣಿದು ಆರಿಹೋದವಂತೆ. ಕನ್ನಡಿಯಲ್ಲಿ ನೋಡಿದೆ: ಪೊಲೀಸಪ್ಪ ಯಂತ್ರದ ಕಪಾಳಕ್ಕೆ ಬಡಿಯುತ್ತಿದ್ದ! ವ್ಯಾಪಾರಿಗಳು ಹಿಂದಿನ ಸೀಟಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ರೇಣವ್ವ ಆರಾಮಿದ್ದಾಳೆ. ಈಗ ಐದು ತಿಂಗಳು. ಏಳರಲ್ಲಿ ಕುಬಸದ ಆರತಿ ಮುಗಿಸಿ ಹಡೆಯಲು ನಿಮ್ಮಲ್ಲಿಗೆ ಕಳಿಸುತ್ತೇನೆ.

ನಿಮ್ಮ ಅಳಿಯ,
ಮಾಳಪ್ಪ

*

ಹುನಗುಂದ
ತಾ. 3-3-1983

ಚಿ. ಮಾಳಪ್ಪನಿಗೆ ಆಶೀರ್ವಾದಗಳು.

ನಿನ್ನಿಂದ ಪತ್ರವಿಲ್ಲ. ಇಲ್ಲಿ ಘೋರವೊಂದು ನಡೆದಿದೆ. ಅದರ ಅರ್ಜಿ ಬರೆಯುವ ಹೊಣೆ ನನ್ನ ಮೇಲೆ ಬಿದ್ದಿದೆ.

ಕಳೆದ ವಾರ ಕತ್ತಲು ಕವಿಯುವ ಹೊತ್ತಿಗೆ, ನಮ್ಮವನೇ ಆದ ಕುರಿಗಾರ ಹನಮಂತಪ್ಪನು ಇಲಕಲ್ಲಿನ ಹಾದಿಯಲ್ಲಿ ಕುರಿ ದಾಟಿಸುತ್ತಿದ್ದಾಗ, ಬಿಳಿ ಅಂಬಾಸಿಡರೊಂದು ಹಿಂಡಿನ ನಡುವೆ ಕತ್ತಿಯಂತೆ ಹಾಯ್ದುಹೋಗಿದೆ. ನಿಲ್ಲಿಸಲಿಲ್ಲ. ಹನಮಂತಪ್ಪನನ್ನು ಒಂದು ಕೂಗಿನಷ್ಟು ದೂರ ಎಳೆದುಕೊಂಡು ಹೋಗಿ ಎಸೆದಿದೆ. ಅವನ ಹೆಂಡತಿ ಬೋರವ್ವ ಹಿಂದೆಯೇ ಇದ್ದಳು. ಬೇವಿನ ಮರದ ಕೆಳಗೆ ನನ್ನ ಮುಂದೆ ಕುಳಿತು ಆಕೆ ಹೇಳಿದ್ದನ್ನು ಅರ್ಜಿಯಲ್ಲಿ ಹಾಕಲಾರದೆ ನಿನಗೆ ಬರೆಯುತ್ತೇನೆ.

"ಯಪ್ಪಾ, ಕುರಿ ರಕ್ತ ಯಾವ್ದು, ನನ್ನ ಗಂಡನ ರಕ್ತ ಯಾವ್ದು ತಿಳೀಲಿಲ್ಲ. ಕಂಬಳಿ ಹಿಂಡಿದ್ರ ಎರಡೂ ಕೂಡೇ ಬಂತು. ಹರದ ಕುರಿ ಒಂದ ಇನ್ನೂ ಮರಿಗೆ ಹಾಲ ಕುಡಿಸಾಕತ್ತಿತ್ತು. ಅದರ ಕುತಗಿ ನಾನ ಹಿಚಗಿದೆ."

ಹಿಂಡಿನ ಮುಂದೆ ನಡೆಯುತ್ತಿದ್ದುದು ಬೀರಪ್ಪನಿಗೆ ಬಿಟ್ಟ ದೇವರ ಟಗರು. ಹಣೆಯಿಂದ ಬೆನ್ನಿನವರೆಗೆ ಭಂಡಾರದ ಅರಿಶಿನ ಮೆತ್ತಿಕೊಂಡು ಹಳದಿಯಾಗಿದ್ದ ಆ ಟಗರು ಗೋಣು ಮುರಿದು ಚರಂಡಿಯಲ್ಲಿ ಬಿದ್ದಿತ್ತು. ಒಂದು ಮಗ್ಗುಲಿನ ಉಣ್ಣೆ ಭಂಡಾರ ಸಮೇತ ಕಿತ್ತುಹೋಗಿತ್ತು.

ಅಪರಾಧಿ ಸಿಕ್ಕಿದ್ದಾನೆ. ಇಲಕಲ್ಲಿನ ಸಂಗಯ್ಯ, ಅವನದೂ ಬಿಳಿ ಅಂಬಾಸಿಡರ್. ಆ ಹೊತ್ತಿನಲ್ಲಿ ರಾಡಾರ ಯಂತ್ರ ಅತಿವೇಗವೆಂದು ತೋರಿಸಿದ ಬಿಳಿ ಕಾರು ಅವನದೊಂದೇ. ಎಂಬತ್ತೆಂಟು ಕಿಲೋಮೀಟರು. ಪೊಲೀಸರು ಮುಟ್ಟುವ ಮೊದಲೇ ಹನಮಂತಪ್ಪನ ತಮ್ಮ ಯಮನಪ್ಪ ತನ್ನವರನ್ನು ಕಟ್ಟಿಕೊಂಡು ಇಲಕಲ್ಲಿನ ಸ್ಟ್ಯಾಂಡಿನಲ್ಲಿ ಅವನನ್ನು ಕಾರಿನಿಂದ ಎಳೆದುಹಾಕಿದ. "ಯಾವ ಕೈಲೆ ಸ್ಟೇರಿಂಗ ಹಿಡದಿದ್ದಿಲೇ?" ಎಂದು ಕೇಳಿದ. "ನಾ ಅಲ್ಲೋ ಯಪ್ಪಾ, ನಾ ಕುರಿ ಬರೂಕಿಂತ ಮದ್ಲ ದಾಟಿ ಬಂದ ಬಿಟ್ಟಿದ್ದೆ" ಎಂದು ಸಂಗಯ್ಯ ಅರಚಿದ. ಯಾವ ಕೈ ಎಂದು ಹೇಳಲಿಲ್ಲವಾದ್ದರಿಂದ ಎರಡನ್ನೂ ಮೈಲಿಗಲ್ಲಿನ ಮೇಲಿಟ್ಟು ಗುಂಡುಕಲ್ಲಿನಿಂದ ಜಜ್ಜಿದರು. ಎಲುಬು ಮುರಿಯುವ ಸದ್ದು ಚಹಾದಂಗಡಿಯವರೆಗೆ ಕೇಳಿತೆನ್ನುತ್ತಾರೆ.

ದವಾಖಾನೆಯ ಮಂಚದ ಮೇಲಿಂದ ಸಂಗಯ್ಯ ಒಂದೇ ಮಾತು ಹೇಳಿ ಕಳಿಸುತ್ತಿದ್ದಾನೆ: "ನಿಮ್ಮ ಬೀರಪ್ಪನ ಭಂಡಾರ ತರ್ರಿ, ಹಣಿಗೆ ಹಚಗೊಂಡ ಹೇಳ್ತೀನಿ." ಭಂಡಾರ ಹಚ್ಚಿಕೊಂಡು ಸುಳ್ಳಾಡಿದವನ ವಂಶ ಉಳಿಯದೆಂಬ ನಮ್ಮ ನಂಬಿಕೆ ಆ ಜಂಗಮನಿಗೂ ಗೊತ್ತು. ಯಮನಪ್ಪನೂ ಮೆತ್ತಗಾಗಿ ಬಂದು ನನ್ನನ್ನು ಕೇಳಿದ. ನಾನು ಒಪ್ಪಲಿಲ್ಲ. ಅರ್ಜಿಯಲ್ಲಿ ಹೀಗೆ ಬರೆದಿದ್ದೇನೆ: "ಸರ್ಕಾರದ ಯಂತ್ರಕ್ಕೆ ಹಸಿವಿಲ್ಲ, ದ್ವೇಷವಿಲ್ಲ, ನೆಂಟರಿಲ್ಲ. ಅದು ಕಂಡದ್ದನ್ನೇ ಹೇಳುತ್ತದೆ. ಅಂಥ ಸಾಕ್ಷಿಯಿರುವಲ್ಲಿ ಆಣೆ ಪ್ರಮಾಣಗಳ ಅಗತ್ಯವಿಲ್ಲ." ರಾಜಮಹ್ಮದನು ಇದನ್ನು ಎರಡು ಸಲ ಓದಿಸಿ ಕೇಳಿದ.

ಇಂತಿ,
ಮುತ್ತಪ್ಪ ಲಕ್ಕಪ್ಪ ಪೂಜಾರಿ

*

ಬಾಗಲಕೋಟೆ
ತಾ. 9-3-1983

ಪೂಜ್ಯ ಮಾವನವರಿಗೆ ನಮಸ್ಕಾರ.

ಕಾರು ಗ್ಯಾರೇಜಿನಲ್ಲಿದೆ. ಬೇವೂರಿನ ಹತ್ತಿರ ಎಮ್ಮೆಯೊಂದು ಅಡ್ಡ ಬಂದು ಮುಂಭಾಗ ಜಖಂ ಆಯಿತು. ಆದ್ದರಿಂದ ಬರೆಯಲು ಆಗಲಿಲ್ಲ.

ನೀವು ಬರೆದದ್ದನ್ನು ರೇಣವ್ವನಿಗೆ ಓದಿ ಹೇಳಲಿಲ್ಲ. ಬಸುರಿ ಹೆಂಗಸು.

ಒಂದು ಮಾತು ಮಾವಾ. ಅರ್ಜಿಯಲ್ಲಿ ಯಂತ್ರದ ವಿಷಯ ಇಷ್ಟು ಒತ್ತಿ ಹೇಳಬೇಡಿ. ಯಂತ್ರಕ್ಕೆ ಏನು ತಿಳಿಯುತ್ತದೆ? ಕತ್ತಲಲ್ಲಿ ಆದದ್ದು, ದೇವರಿಗೆ ಗೊತ್ತು ಎಂದು ಬರೆದು ಬಿಟ್ಟುಬಿಡಿ. ಹೋದವನು ತಿರುಗಿ ಬರುವುದಿಲ್ಲ.

ಸಂಗಯ್ಯನ ಕೈಗಳು ಕೂಡುತ್ತವೆಯೇ? ಡಾಕ್ಟರು ಏನು ಹೇಳಿದರೆಂದು ತಿಳಿಸಿ.

ಮಾಳಪ್ಪ

*

ಹುನಗುಂದ
ತಾ. 14-3-1983

ಚಿ. ಮಾಳಪ್ಪನಿಗೆ ಆಶೀರ್ವಾದಗಳು.

ನಿನ್ನ ಸಲಹೆ ತಲುಪಿತು. ಗಾಡಿ ಓಡಿಸುವವನಿಗೆ ಪುರಾವೆಯ ಶಾಸ್ತ್ರ ತಿಳಿಯದಿದ್ದರೆ ಅದು ಅವನ ತಪ್ಪಲ್ಲ. ಆದರೆ ತಿಳಿದವರಿಗೆ ಹೇಳಿಕೊಡುವುದು ತಪ್ಪು. ಯಂತ್ರದ ಬಗ್ಗೆ ಬರೆದ ಆ ಮಾತಿನ ಬಲದಿಂದಲೇ ಸಂಗಯ್ಯನಿಗೆ ಜಾಮೀನು ಸಿಗಲಿಲ್ಲ. ಬೋರವ್ವನ ಪರ ವಕೀಲರು ಅದನ್ನು ಓದುವಾಗ ಕೋರ್ಟಿನಲ್ಲಿ ಸೂಜಿ ಬಿದ್ದರೆ ಕೇಳುತ್ತಿತ್ತು. ಹೊರಗೆ ಬಂದು, "ಪೂಜಾರಿಯವರೇ, ನೀವು ಕರಿ ಕೋಟು ತೊಡಬೇಕಿತ್ತು" ಎಂದರು.

ನಿನ್ನ ಮರುಕ ನನಗೆ ಮೆಚ್ಚುಗೆಯಾಯಿತು. ಆದರೆ ಅದನ್ನು ಕೊಂದವನಿಗೆ ತೋರಿಸುವುದಕ್ಕಿಂತ ಸತ್ತವನ ಮಕ್ಕಳಿಗೆ ತೋರಿಸುವುದು ಯೋಗ್ಯ. ಸಂಗಯ್ಯನ ಎಡಗೈ ಕೂಡಲಿಕ್ಕಿಲ್ಲ. ಬಲಗೈಯಲ್ಲಿ ಎರಡು ಬೆರಳು ಉಳಿದಾವು.

ಅವನ ಜಾಮೀನಿನ ಅರ್ಜಿ ಏಪ್ರಿಲ್ ಆರರಂದು ಮತ್ತೆ ಬರುತ್ತದೆ. ಕೈಗಳ ಸ್ಥಿತಿ ನೋಡಿ ಆ ದಿನ ಬಿಡುಗಡೆ ಖಂಡಿತವೆಂದು ವಕೀಲರ ಅಂಬೋಣ. ಯಮನಪ್ಪ ಕಚೇರಿಯ ಕಟ್ಟೆಯ ಮೇಲೆ ಕುಳಿತು ಎಲ್ಲರೆದುರಿಗೆ ಹೇಳಿದ್ದಾನೆ: "ಕೈ ಬರೇ ಬಡ್ಡಿ. ಅಸಲ ಅವತ್ತ ತಗೋತೀನಿ. ಕೋರ್ಟಿನ ಗೇಟಿನಿಂದ ಬಸ್ಸಿನ ಮಟಾ ಸೈತ ಹೋಗಗೊಡೂದಿಲ್ಲ." ಕೊಡಲಿಗೆ ಹೊಸ ಕಾವು ಹಾಕಿಸಿದ್ದಾನೆ. ಅವನಿಗೆ ಬುದ್ಧಿ ಹೇಳಿದೆ. ಅವನು ನನ್ನ ಕಾಲು ಮುಟ್ಟಿ ನಮಸ್ಕರಿಸಿ, "ಯಂತ್ರಕ್ಕ ನೆಂಟರಿಲ್ಲ ಅಂತ ನೀವ ಬರದೀರಲ್ರಿ ಅಜ್ಜಾರ" ಎಂದ.

ಎಮ್ಮೆಯ ವಿಷಯದಲ್ಲಿ ಅದರ ಮಾಲೀಕನಿಂದ ತಕರಾರು ಬಂದಲ್ಲಿ ತಿಳಿಸು. ಉತ್ತರ ಸಿದ್ಧಪಡಿಸಿ ಕಳಿಸುತ್ತೇನೆ.

ಇಂತಿ,
ಮುತ್ತಪ್ಪ ಲಕ್ಕಪ್ಪ ಪೂಜಾರಿ

*

ಬಾಗಲಕೋಟೆ
ತಾ. 20-3-1983

ಪೂಜ್ಯ ಮಾವನವರಿಗೆ ನಮಸ್ಕಾರ.

ಕುಬಸ ಮುಗಿಯಿತು. ರೇಣವ್ವನನ್ನು ಬಸ್ಸಿನಲ್ಲಿ ಕೂರಿಸಿ ಕಳಿಸುತ್ತಿದ್ದೇನೆ. ಆಕೆಯ ಸೀರೆಯ ಗಂಟಿನಲ್ಲಿ ಹಳೆಯ ಟವೆಲಿನಲ್ಲಿ ಸುತ್ತಿದ ಪೆಟ್ಟಿಗೆಯಿದೆ. ಅದೇ ಪೆಟ್ಟಿಗೆ. ಸಂಗಯ್ಯ ತಾನಲ್ಲವೆನ್ನುತ್ತಿರುವುದರಿಂದ ಇಲ್ಲಿ ಪೊಲೀಸರು ಬಿಳಿ ಕಾರುಗಳ ಮುಂಭಾಗ ಬಿಚ್ಚಿ ನೋಡುತ್ತಿದ್ದಾರೆ. ನಿಮ್ಮ ಅಟ್ಟದ ಮೇಲೆ ಇಟ್ಟುಬಿಡಿ. ಟವೆಲು ಬಿಚ್ಚುವ ಕಾರಣವಿಲ್ಲ.

ನಾನು ಪಟ್ಟದಕಲ್ಲಿಗೆ ಪ್ರವಾಸಿಗಳ ಬಾಡಿಗೆ ಹಿಡಿದಿದ್ದೇನೆ. ಈಗ ನಲವತ್ತರ ಮೇಲೆ ಓಡಿಸುವುದಿಲ್ಲ. ಕುರಿಯ ಗಂಟೆ ಕೇಳಿದರೆ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ.

ಮಾಳಪ್ಪ

*

ಹುನಗುಂದ
ತಾ. 26-3-1983

ಮಾಳಪ್ಪಾ,

ಟವೆಲು ಬಿಚ್ಚಿದೆ.

1. ಪೆಟ್ಟಿಗೆಯ ಮುಂಬದಿ ತಗ್ಗಾಗಿದೆ.

2. ಸೀಮೆಎಣ್ಣೆಯ ವಾಸನೆಯಿದೆ. ಮೂಲೆಮೂಲೆಯನ್ನೂ ಉಜ್ಜಿ ತೊಳೆದಿದ್ದೀಯೆ. ಕೆಂಪೆಂಬುದು ಆ ದೀಪದ ಗಾಜಿನಲ್ಲಿ ಮಾತ್ರ ಉಳಿದಿದೆ.

3. ಹಿಂಬದಿಯ ಕಬ್ಬಿಣದ ಪಟ್ಟಿಯ ಸಂದಿಯಲ್ಲಿ ಒಂದು ಹಿಡಿ ಉಣ್ಣೆ ಸಿಕ್ಕಿಕೊಂಡಿದೆ. ಹಳದಿ. ಮೂಗಿಗೆ ಹಿಡಿದೆ. ಭಂಡಾರ.

ಎಮ್ಮೆಗೆ ಯಾರೂ ಭಂಡಾರ ಹಚ್ಚುವುದಿಲ್ಲ.

ರಕ್ತ ತೊಳೆದ ಕೈಗೆ ಅದನ್ನು ಕಿತ್ತು ಬಿಸಾಡಲು ಎಷ್ಟು ಹೊತ್ತು? ಆದರೆ ನೀನು ಮುಟ್ಟಿಲ್ಲ. ಅದರ ಸುತ್ತ ಸುತ್ತ ತೊಳೆದಿದ್ದೀಯೆ. ನೆಲಕ್ಕೆ ಬಿದ್ದ ಭಂಡಾರವನ್ನೂ ನಮ್ಮ ಮನೆಯಲ್ಲಿ ಪೊರಕೆಯಿಂದ ಗುಡಿಸುವುದಿಲ್ಲ. ಒದ್ದೆ ಬಟ್ಟೆಯಿಂದ ಒತ್ತಿ ಎತ್ತಿ ಹಣೆಗೆ ಹಚ್ಚಿಕೊಳ್ಳುತ್ತೇವೆ. ನಿನ್ನ ತಾಯಿ ನಿನಗೆ ಕಲಿಸಿದಳು, ಅವಳಿಗೆ ನನ್ನ ತಾಯಿ. ಬೇರೆ ಮನೆಯಲ್ಲಿ ಹುಟ್ಟಿದವನಾಗಿದ್ದರೆ ಎರಡನ್ನೂ ತೊಳೆದು ಪಾರಾಗುತ್ತಿದ್ದೆ. ಮನುಷ್ಯನ ರಕ್ತ ತೊಳೆಯಲು ಬಂದ ಕೈ ದೇವರ ಅರಿಶಿನಕ್ಕೆ ಹೆದರಿತು.

ಯಂತ್ರ ಸುಳ್ಳು ಹೇಳಲಿಲ್ಲ. ಅದು ಕಂಡದ್ದನ್ನು ಹೇಳಿತು. ನಿನ್ನನ್ನು ಕಾಣದಂತೆ ಪೆಟ್ಟಿಗೆ ಅದರ ಕಣ್ಣಿಗೆ ಮಣ್ಣೆರಚಿತು. ಕಣ್ಣಿಗೆ ಬಿದ್ದ ಸಂಗಯ್ಯನ ಕೈಗಳು ಮೈಲಿಗಲ್ಲಿನ ಮೇಲೆ ಬಂದವು. ಅಂಚೆಯ ಪರವಾನಿಗೆ ರೇಡಿಯೋದಂತೆ ಕೇಳುವ ಉಪಕರಣಕ್ಕೆ ಮಾತ್ರ. ಇದು ಒದರುವಂಥದ್ದೆಂದು ನಿನ್ನ ಗೌಸಸಾಬ ಹೇಳಿದ್ದು ಸರಿ. ಅದು ಅಂಚೆಯ ಠಸ್ಸೆಗೆ ನಿಲ್ಲುವ ಅಪರಾಧವಲ್ಲ.

ಪತ್ರದೊಂದಿಗೆ ಬೀರಪ್ಪನ ಗುಡಿಯ ಭಂಡಾರದ ಪೊಟ್ಟಣ ಇಟ್ಟಿದ್ದೇನೆ. ದಾರ ಕಟ್ಟಿದ್ದೇನೆ. ಬಿಚ್ಚಿ ಹಣೆಗೆ ಹಚ್ಚಿಕೊಂಡು, ಆ ಸಂಜೆ ಆ ಹಾದಿಯಲ್ಲಿ ನಾನಿರಲಿಲ್ಲವೆಂದು ಒಂದು ಸಾಲು ಬರೆ. ಪೆಟ್ಟಿಗೆಯನ್ನು ಹಿತ್ತಲಲ್ಲಿ ಹೂಳಿ, ನನ್ನ ಕಣ್ಣು ಮುಪ್ಪಿನಿಂದ ಹಳದಿಯಾಗಿದೆ ಎಂದುಕೊಳ್ಳುತ್ತೇನೆ. ಇಲ್ಲವಾದರೆ ಆರನೆಯ ತಾರೀಖಿನೊಳಗೆ ಸ್ಟೇಶನ್ನಿಗೆ ಹೋಗು. ಆರರಂದು ಯಮನಪ್ಪ ಗೇಟಿನ ಬಳಿ ನಿಲ್ಲುತ್ತಾನೆ. ಕೊಡಲಿ ಬೀಳುವುದು ಕೈಯಿಲ್ಲದ, ಏನೂ ಮಾಡದ ಮನುಷ್ಯನ ಮೇಲೆ.

ರೇಣವ್ವನಿಗೆ ಹೇಳಿಲ್ಲ.

ಮುತ್ತಪ್ಪ

*

ಹುನಗುಂದ, ಸರ್ಕಾರಿ ದವಾಖಾನೆ
ತಾ. 8-4-1983

ಮಾಳಪ್ಪನಿಗೆ, ನಿನ್ನ ಸೋದರಮಾವನು ಹೇಳಿ ಬರೆಯಿಸುವುದು.

ನಿನ್ನ ಲಕೋಟೆ ನಾಲ್ಕರಂದು ತಲುಪಿತು. ಒಳಗೆ ಪತ್ರವಿರಲಿಲ್ಲ. ಪೊಟ್ಟಣವಿತ್ತು, ನಾನು ಕಟ್ಟಿದ ದಾರದ ಗಂಟು ಹಾಗೆಯೇ ಇತ್ತು. ಓದಿಕೊಂಡೆ.

ಐದರ ಮಧ್ಯಾಹ್ನದವರೆಗೆ ಬಾಗಲಕೋಟೆಯ ಬಸ್ಸುಗಳನ್ನು ನೋಡಿದೆ. ನೀನು ಇಳಿಯಲಿಲ್ಲ. ಆಮೇಲೆ ಪೆಟ್ಟಿಗೆಯನ್ನೂ ಪೊಟ್ಟಣವನ್ನೂ ತೆಗೆದುಕೊಂಡು ಯಮನಪ್ಪನವರ ಕುರಿಹಟ್ಟಿಗೆ ನಡೆದೆ. ರಾಜಮಹ್ಮದನು ಬೇಡವೆಂದ. ಮೊದಲು ಪೊಲೀಸರಿಗೆ ಅರ್ಜಿ ಕೊಡೋಣ, ಮುಟ್ಟಿದ್ದಕ್ಕೆ ಪೋಚು ಬರೆಸಿಕೊಳ್ಳೋಣ ಎಂದ. ಅರ್ಜಿ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಸಂಗಯ್ಯನ ಹೆಣ ಬೀಳುತ್ತಿತ್ತು. ಅರ್ಜಿಯ ನಡಿಗೆ ನನಗಿಂತ ಬಲ್ಲವರು ಯಾರು?

ಯಮನಪ್ಪ ಕೊಡಲಿ ಮಸೆಯುತ್ತಿದ್ದ. "ಬರ್ರಿ ಅಜ್ಜಾರ, ನಾಳಿಗೆ ನೀವೂ ಬರ್ತೀರೇನ ನೋಡಾಕ?" ಎಂದ. ನಾನು ದಾರ ಬಿಚ್ಚಿದೆ, ಭಂಡಾರವನ್ನು ನನ್ನ ಹಣೆಗೆ ಹಚ್ಚಿಕೊಂಡೆ. "ನಿಮ್ಮಣ್ಣನನ್ನು ಕೊಂದ ಕಾರು ನನ್ನ ಅಳಿಯ ಮಾಳಪ್ಪನದು. ಯಂತ್ರದ ಕಣ್ಣು ಕಟ್ಟಿದ್ದು ಈ ಪೆಟ್ಟಿಗೆ. ಸಂಗಯ್ಯ ಹೇಳಿದ್ದು ಖರೆ" ಎಂದೆ.

ಬೋರವ್ವ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣೆಯನ್ನು ಬೆರಳಿನಿಂದ ಸವರಿದಳು. "ನಮ್ಮ ಟಗರ" ಎಂದಳು. "ಯಪ್ಪಾ, ನೀ ನನ್ನ ಮುಂದ ಕುಂತ ಬರ್ಯಾಗ ನಿನ್ನ ಮನಿಯಾಗನ ಇತ್ತಲ್ಲೋ ಇದು" ಎಂದಳು. ಆಗ ನನ್ನ ಮನೆಯಲ್ಲಿರಲಿಲ್ಲ, ಆಮೇಲೆ ಬಂದದ್ದು ಎಂದು ತಾರೀಖು ಹೇಳಲು ಬಾಯಿ ತೆರೆದೆ. ಮುಚ್ಚಿಕೊಂಡೆ.

ಯಮನಪ್ಪ ಕೊಡಲಿಯನ್ನು ಆಚೆ ಎಸೆದು ಕಲ್ಲು ಎತ್ತಿಕೊಂಡ. "ಆ ಅರ್ಜಿ ಯಾವ ಕೈಲೆ ಬರದಿ ಮುದಕಾ?" ಎಂದ.

ಸಂಗಯ್ಯನಿಗೆ ತಿಳಿಯದಿದ್ದ ಉತ್ತರ ನನಗೆ ತಿಳಿದಿತ್ತು. ಬಲಗೈ ಚಾಚಿದೆ.

ಸದ್ದಿನ ಬಗ್ಗೆ ಹಿಂದೆ ನಿನಗೆ ಬರೆದಿದ್ದೆ. ಒಳಗಿನಿಂದ ಅದು ಬೇರೆಯಾಗಿ ಕೇಳುತ್ತದೆ. ಎರಡನೆಯ ಏಟಿಗೆ ಬೋರವ್ವ ಅಡ್ಡ ಬಂದಳು. "ಸಾಕ ಬಿಡೋ ಮೈದುನಾ, ಸಂಗಯ್ಯಂದೂ ಹಿಂಗ ಮಾಡಿ ಏನ ಸಿಕ್ತು?" ಎಂದಳು. ಮೂರನೆಯದು ಬಿದ್ದಾಗ ನನಗೆ ಎಚ್ಚರವಿರಲಿಲ್ಲ. ಮರುದಿನ ಗೇಟಿನ ಬಳಿ ಯಾರೂ ನಿಲ್ಲಲಿಲ್ಲ. ಸಂಗಯ್ಯ ತನ್ನ ಕಾಲಿನ ಮೇಲೆ ನಡೆದು ಮನೆ ಸೇರಿದ.

ನಿನ್ನೆ ಅವನು ನನ್ನನ್ನು ನೋಡಲು ಬಂದಿದ್ದ. ಬಯ್ಯುವನೆಂದು ಕಾದೆ. ಹಾಸಿಗೆಯ ಅಂಚಿನಲ್ಲಿ ಕುಳಿತು ನನ್ನ ಬ್ಯಾಂಡೇಜನ್ನೂ ತನ್ನದನ್ನೂ ನೋಡಿ, "ಅಜ್ಜಾ, ಇನ್ನ ನನ್ನ ಮ್ಯಾಲ ಅರ್ಜಿ ಹೆಂಗ ಬರೀತಿ?" ಎಂದ. "ನೀನು ಗಾಡಿ ಹೊಡೆದ ಮೇಲೆ ನೋಡೋಣ" ಎಂದೆ. ರಾಜಮಹ್ಮದನು ಇಬ್ಬರಿಗೂ ಬಸಿಯಲ್ಲಿ ಚಹಾ ಕುಡಿಸಿದ. ಹೋಗುವಾಗ ಸಂಗಯ್ಯ ಬಾಗಿಲಲ್ಲಿ ನಿಂತು, ಬೆನ್ನು ತೋರಿಸಿಕೊಂಡೇ, "ಭಂಡಾರ ಅವತ್ತ ಕೇಳಿದ್ನಲ್ಲಾ" ಎಂದ. ಅದಕ್ಕೆ ನಿನ್ನಲ್ಲಿ ಉತ್ತರವಿದ್ದರೆ ಅವನಿಗೆ ನೇರವಾಗಿ ಹೇಳು.

ಪೆಟ್ಟಿಗೆ ಉಣ್ಣೆ ಸಮೇತ ಪೊಲೀಸರ ವಶದಲ್ಲಿದೆ; ಅವರ ಕಾಗದ ಇನ್ನೂ ಬಾಗಲಕೋಟೆಗೆ ನಡೆಯುತ್ತಿದೆ. ನಿನ್ನ ಹೆಸರು, ನಿನ್ನ ಮನೆ, ಕಾರಿನ ನಂಬರು ಎಲ್ಲವೂ ಯಮನಪ್ಪನಿಗೆ ಗೊತ್ತು. ನೀನು ನಿನ್ನ ಕಾಲಿನಿಂದ ಸ್ಟೇಶನ್ನಿನ ಮೆಟ್ಟಿಲು ಹತ್ತಿದರೆ ಕೋರ್ಟಿಗೆ ಬಿಡುತ್ತೇನೆಂದು ಬೋರವ್ವನ ಮುಂದೆ ಮಾತು ಕೊಟ್ಟಿದ್ದಾನೆ. ಅವನ ಮಾತು ಯುಗಾದಿ ಅಮವಾಸ್ಯೆಯವರೆಗೆ. ಆಮೇಲೆ ಎಸೆದ ಕೊಡಲಿಯನ್ನು ಹುಡುಕಿಕೊಳ್ಳುತ್ತಾನೆ.

ಅಡಗಲು ಈ ಮನೆಗೆ ಬರಬೇಡ. ರೇಣವ್ವನಿಗೆ ಎಲ್ಲವೂ ತಿಳಿಯಿತು. ಸೀರೆಯ ಗಂಟಿನಲ್ಲಿ ತಾನೇ ಅದನ್ನು ಹೊತ್ತು ತಂದೆನೆಂದು ಎರಡು ದಿನ ಊಟ ಬಿಟ್ಟಿದ್ದಳು. ಇಂದು ಮುಂಜಾನೆ ನನಗೆ ಗಂಜಿ ಕುಡಿಸುತ್ತ ಹೇಳಿದಳು: "ಅಪ್ಪಾ, ನಿಮ್ಮಪ್ಪ ಜೇಲನ್ಯಾಗ ಅದಾನ ಅಂತ ಕೂಸಿಗೆ ಹೇಳ್ತೇನಿ. ಹಾದ್ಯಾಗ ಹೆಣಾ ಆಗಿ ಬಿದ್ದಿದ್ದಾ ಅಂತ ನನಗ ಹೇಳಾಕ ಆಗೂದಿಲ್ಲ. ಹಂಗಂತ ಬರಸ್ರಿ." ಬರೆಯಿಸಿದ್ದೇನೆ.

ಇಷ್ಟು ವರ್ಷ ಓದು ಬಾರದವರ ಬೆರಳನ್ನು ಹಿಡಿದು ಮಸಿಗೆ ಒತ್ತಿದವನು ನಾನು. ಮಸಿ ಹೆಚ್ಚಾದರೆ ರೇಖೆ ಮುಚ್ಚಿಹೋಗುತ್ತದೆ, ಹಗುರವಾಗಿ ಒತ್ತು ಎಂದು ರಾಜಮಹ್ಮದನಿಗೆ ಈಗ ಹೇಳಿಕೊಟ್ಟೆ.

ಮೇಲೆ ಬರೆದುದನ್ನು ಓದಿಸಿ ಕೇಳಿದ್ದೇನೆ, ಖರೆ ಇದೆ.

ಮುತ್ತಪ್ಪ ಲಕ್ಕಪ್ಪ ಪೂಜಾರಿ, ಇವರ ಎಡಗೈ ಹೆಬ್ಬೆಟ್ಟಿನ ಗುರುತು
ಬರೆದುಕೊಂಡವನು: ರಾಜಮಹ್ಮದ, ಸ್ಟ್ಯಾಂಪು ಮಾರುವವನು

ಅಡಕ: ಭಂಡಾರದ ಪೊಟ್ಟಣ ಒಂದು, ಬಿಚ್ಚಿದ್ದು.